ನಿಯಾನ್ ರೇನ್‌ಬೋ ಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮನೆ ಹಾಲ್‌ನಲ್ಲಿ ಈ ಮೀನುಗಳು ಬಂದು ಸೇರಿ ಸುಮಾರು ವರ್ಷಗಳಾದವು. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ನಿಂತರೆ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಫೋನ್‌ನಲ್ಲಿ ಬರುವುದೂ ಇವೇ, ಬರೆದು ಕೇಳುವವರದ್ದೂ ಇವೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿಂದ ಶುರು ಮಾಡಿ. ಈಗಾಗಲೇ ಸಾಕಿದವರು ಸೀದಾ ಕೆಳಗೆ ಹೋಗಬಹುದು.

## ಮೊದಲು ಪರಿಚಯ

ನಿಯಾನ್ ರೇನ್‌ಬೋ ಅಂದ್ರೆ ನಿಯಾನ್ ಟೆಟ್ರಾನೇ ಅಲ್ವಾ?

ಅಲ್ಲ. ಹೆಸರಲ್ಲಿ ನಿಯಾನ್ ಇದೆ, ಅಷ್ಟೇ. ಟೆಟ್ರಾ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯದು. ರೇನ್‌ಬೋ ನ್ಯೂಗಿನಿ ದ್ವೀಪದ್ದು. ಎರಡಕ್ಕೂ ನೆಂಟಸ್ತನವೇ ಇಲ್ಲ.

ಗುರುತಿಸುವುದು ಸುಲಭ. ಬೆನ್ನು ನೋಡಿ. ರೇನ್‌ಬೋಗೆ ಬೆನ್ನ ಮೇಲೆ ಎರಡು ರೆಕ್ಕೆ ಇರುತ್ತವೆ. ಮುಂದಿನದು ಚಿಕ್ಕದು, ಹಿಂದಿನದು ಉದ್ದ. ಟೆಟ್ರಾಗೆ ಒಂದು ರೆಕ್ಕೆ, ಅದರ ಹಿಂದೆ ಬಾಲದ ಹತ್ತಿರ ಒಂದು ಸಣ್ಣ ಚರ್ಮದ ಗುಬುಟು. ಅಂಗಡಿಯವರು ಇದನ್ನು ಡ್ವಾರ್ಫ್ ನಿಯಾನ್ ರೇನ್‌ಬೋ ಅಂತಲೂ, ಸುಮ್ನೆ ಪ್ರೀಕಾಕ್ಸ್ ಅಂತಲೂ ಕರೆಯುತ್ತಾರೆ. ವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರು ಮೆಲನೊಟೇನಿಯ ಪ್ರೀಕಾಕ್ಸ್.

ಇದರ ಊರು ಯಾವುದು? ಸಮುದ್ರದ ಮೀನಾ?

ಸಿಹಿನೀರಿನ ಮೀನು. ಊರು ನ್ಯೂಗಿನಿ ದ್ವೀಪ. ಗ್ರೀನ್‌ಲ್ಯಾಂಡ್ ಬಿಟ್ಟರೆ ಪ್ರಪಂಚದಲ್ಲೇ ದೊಡ್ಡ ದ್ವೀಪ ಅದು. ಪಶ್ಚಿಮದ ಅರ್ಧ ಇಂಡೋನೇಷ್ಯಾಕ್ಕೆ ಸೇರಿದೆ, ಪೂರ್ವದ ಅರ್ಧ ಪಾಪುವಾ ನ್ಯೂಗಿನಿ ದೇಶ. ನಮ್ಮ ಮೀನು ಇಂಡೋನೇಷ್ಯಾ ಕಡೆಯದು.

ಅಲ್ಲಿ ಮಾಂಬೆರಾಮೊ ಅಂತ ಒಂದು ದೊಡ್ಡ ನದಿ. ಪೂರ್ವದಿಂದ ಒಂದು, ಪಶ್ಚಿಮದಿಂದ ಒಂದು, ತಾರಿತಾತು ಮತ್ತು ತಾರಿಕು ಎಂಬ ಎರಡು ನದಿಗಳು ಎದುರುಬದುರಾಗಿ ಬಂದು ಸೇರುತ್ತವೆ. ಸೇರಿದ ನೀರು ಬೆಟ್ಟಸಾಲನ್ನು ಸೀಳಿಕೊಂಡು ಉತ್ತರಕ್ಕೆ ಹರಿದು ಪೆಸಿಫಿಕ್ ಸಾಗರ ಸೇರುತ್ತದೆ. ಸುತ್ತಲೂ ದಟ್ಟ ಮಳೆಕಾಡು, ರಸ್ತೆ ತೀರಾ ಕಡಿಮೆ. ದೊಡ್ಡ ನದಿಯ ನೀರು ಮಣ್ಣು ಕಲಸಿದ ಹಾಗಿರುತ್ತದೆ. ನಮ್ಮ ಮೀನು ಇರುವುದು ಅದಕ್ಕೆ ಬಂದು ಸೇರುವ ಸಣ್ಣ ತೊರೆಗಳಲ್ಲಿ. ಮೇಲೆ ಮರದ ನೆರಳು, ನೀರೊಳಗೆ ಬಿದ್ದ ಕೊಂಬೆ, ಬೇರು, ಗಿಡ. ಆಗುಂಬೆ ಕಡೆ ಕಾಡಿನ ಹಳ್ಳ ನೋಡಿದವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಅಲ್ಲಿ ಚಳಿ ಇಲ್ಲ. ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರ.

ಫೋಟೋದಲ್ಲಿ ನೀಲಿ ಹೊಳೀತಿತ್ತು. ಅಂಗಡೀಲಿ ನೋಡಿದ್ರೆ ಬೂದಿ ಬಣ್ಣ. ಮೋಸನಾ?

ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದೇ. ಮೋಸ ಅಲ್ಲ.

ಇದರ ನೀಲಿ ಬಳಿದ ಬಣ್ಣದ ಹಾಗಲ್ಲ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳು ಹರಳುಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಅವುಗಳಿಗೆ ತಾಗಿ ವಾಪಸ್ ಬರುವಾಗ ನೀಲಿ ಮಾತ್ರ ಎದ್ದು ಕಾಣುತ್ತದೆ. ಆದ್ದರಿಂದ ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೀವು ಯಾವ ಕಡೆ ನಿಂತಿದ್ದೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹೊರಳಿಸಿದಂತೆ ಬಣ್ಣ ಬದಲಾಗುವ ರೇಷ್ಮೆ ಸೀರೆ ನೆನೆಸಿಕೊಳ್ಳಿ. ರೆಕ್ಕೆಯ ಕೆಂಪು ಮಾತ್ರ ನಿಜವಾದ ಬಣ್ಣ, ಅದು ಯಾವ ಕಡೆಯಿಂದ ನೋಡಿದರೂ ಕೆಂಪೇ.

ಅಂಗಡಿಯ ಟ್ಯಾಂಕ್‌ನಲ್ಲಿ ತಳಕ್ಕೆ ಮಣ್ಣಿಲ್ಲ, ಗಿಡ ಇಲ್ಲ, ತಲೆ ಮೇಲೆ ಬಿಳಿ ಟ್ಯೂಬ್‌ಲೈಟು. ಮೀನಿಗೆ ಹೆದರಿಕೆ. ಜೊತೆಗೆ ಅಲ್ಲಿರುವುದು ಎರಡು ಎರಡೂವರೆ ಸೆಂ.ಮೀ. ಮರಿಗಳು. ಬಣ್ಣ ಬಲಿಯುವುದು ಆಮೇಲೆ. ನಾನು ಮೊದಲ ಸಲ ಆರು ತಂದಾಗ ಮನೆಯಲ್ಲಿ ಎಲ್ಲರೂ ನಕ್ಕರು, ಬೆಳ್ಳಗಿನ ಮೀನಿಗೆ ಇಷ್ಟು ದುಡ್ಡಾ ಅಂತ. ಸುಮಾರು ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಕಿಟಕಿಯಿಂದ ಓರೆಯಾಗಿ ಬಿಸಿಲು ಬಿತ್ತು. ಒಂದು ಗಂಡು ತಿರುಗಿತು. ಕಿವಿರಿನಿಂದ ಬಾಲದವರೆಗೆ ಒಂದೇ ಸಲ ನೀಲಿ ಹೊತ್ತಿಕೊಂಡಿತು. ಆಮೇಲೆ ಯಾರೂ ದುಡ್ಡಿನ ಮಾತೆತ್ತಲಿಲ್ಲ.

ಬೇಗ ಬಣ್ಣ ನೋಡಬೇಕಾದರೆ ಕಪ್ಪು ಮರಳು ಹಾಕಿ, ಹಿಂಬದಿಗೆ ಕಪ್ಪು ಹಾಳೆ ಅಂಟಿಸಿ, ಲೈಟನ್ನು ಟ್ಯಾಂಕಿನ ಮುಂಭಾಗಕ್ಕೆ ಸರಿಸಿ.

ಎಷ್ಟು ದೊಡ್ಡದಾಗುತ್ತೆ? ಎಷ್ಟು ವರ್ಷ ಇರುತ್ತೆ?

ಸಾಮಾನ್ಯವಾಗಿ 5ರಿಂದ 6 ಸೆಂ.ಮೀ. ಅಪರೂಪಕ್ಕೆ 8ರ ಹತ್ತಿರ ಹೋಗುತ್ತದೆ. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ.

ಗಂಡು ಯಾವುದು, ಹೆಣ್ಣು ಯಾವುದು ಅಂತ ಹೇಗೆ ಹೇಳೋದು?

ಬೆಳೆದ ಮೇಲೆ ಕಷ್ಟವೇ ಇಲ್ಲ. ಗಂಡಿನ ರೆಕ್ಕೆಗಳು ಕಡುಗೆಂಪು, ಹೆಣ್ಣಿನವು ಹಳದಿ ಅಥವಾ ತಿಳಿ ಕಿತ್ತಳೆ. ಗಂಡಿನ ಮೈ ವಯಸ್ಸಾದಂತೆ ಮೇಲೆ ಕೆಳಗೆ ಅಗಲವಾಗುತ್ತಾ ಹೋಗಿ ತಲೆ ಚಿಕ್ಕದಾಗಿ ಕಾಣುತ್ತದೆ, ದೊಡ್ಡ ಕೋಟಿನೊಳಗೆ ಸಣ್ಣ ಹುಡುಗ ನಿಂತ ಹಾಗೆ. ಹೆಣ್ಣು ಕೊನೆತನಕ ತೆಳ್ಳಗೆ ಇರುತ್ತದೆ. ಮರಿಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. "ಇದು ಗ್ಯಾರಂಟಿ ಜೋಡಿ ಸಾರ್" ಅಂತ ಎರಡು ಸೆಂ.ಮೀ. ಮರಿ ತೋರಿಸಿದರೆ ನಕ್ಕು ಸುಮ್ಮನಾಗಿ.

## ತರುವ ಮುಂಚೆ

ನನ್ನ ಹತ್ರ ಎರಡಡಿ ಟ್ಯಾಂಕ್ ಇದೆ. ಒಂದು ಜೋಡಿ ಸಾಕ್ಬೋದಾ?

ಜೋಡಿ ಬೇಡ. ಇದು ಗುಂಪಿನ ಮೀನು. ಎರಡೇ ಇದ್ದರೆ ಒಂದು ಇನ್ನೊಂದನ್ನು ಅಟ್ಟಾಡಿಸುತ್ತದೆ, ಅಟ್ಟಿಸಿಕೊಂಡದ್ದು ಫಿಲ್ಟರ್ ಹಿಂದೆ ಸೇರಿಕೊಳ್ಳುತ್ತದೆ. ಕಡಿಮೆ ಅಂದರೂ ಆರು, ಎಂಟಾದರೆ ಒಳ್ಳೆಯದು. ಗಂಡಿಗಿಂತ ಹೆಣ್ಣು ಸ್ವಲ್ಪ ಜಾಸ್ತಿ ಇರಲಿ. ಗಂಡು ಒಂದೇ ಆದರೆ ಮಾತ್ರ ಬಣ್ಣ ಮಂಕು. ಎದುರಾಳಿ ಇಲ್ಲದಿದ್ದರೆ ಯಾರಿಗೆ ತೋರಿಸುವುದು ಅಲ್ವಾ?

ಇನ್ನು ಟ್ಯಾಂಕ್. 24 ಇಂಚು ಉದ್ದ, 12 ಅಗಲ, 15 ಎತ್ತರ ಅಂದರೆ ಸುಮಾರು 70 ಲೀಟರ್. ಮರಿಗಳನ್ನು ಸ್ವಲ್ಪ ದಿನ ಇಡಲು ಸಾಕು. ಬೆಳೆದ ಗುಂಪಿಗೆ ಉದ್ದ ಬೇಕು, ಎತ್ತರ ಅಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಣದ ಹಾಗೆ ಹೋಗುವ ಮೀನು ಇದು. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ್ದು ನೂರು ಲೀಟರ್ ಮೇಲೆ ಹಿಡಿಯುತ್ತದೆ. ಅಲ್ಲಿಂದ ಶುರು ಮಾಡಿ. ಹಿಂಬದಿಗೆ ಗಿಡ ತುಂಬಿ, ಮುಂದೆ ಈಜಲು ಖಾಲಿ ಬಿಡಿ.

ಮೇಲೆ ಮುಚ್ಚಳ ಇರಲೇಬೇಕು. ನಾನು ಒಂದು ರಾತ್ರಿ ವೈರ್ ಹಾಕಲು ಗಾಜು ಸರಿಸಿ ಮರೆತು ಮಲಗಿದೆ. ಬೆಳಗ್ಗೆ ನನ್ನ ಒಳ್ಳೆಯ ಗಂಡು ಮೀನು ಸೋಫಾ ಕೆಳಗೆ ಒಣಗಿ ಕಡ್ಡಿಯಾಗಿತ್ತು. ಮೂರು ಬೆರಳಿನ ಸಂದಿ ಅಷ್ಟೇ.

ನಮ್ಮನೇದು ಬೋರ್‌ವೆಲ್ ನೀರು. ಬದುಕುತ್ತಾ?

ಬದುಕುತ್ತದೆ. ಮಳೆಕಾಡಿನ ಮೀನು ಅಂದ ಕೂಡಲೇ ಆರ್‌ಒ ನೀರೇ ಬೇಕು ಅಂದುಕೊಳ್ಳುತ್ತಾರೆ. ಇದು ಅಷ್ಟು ನಾಜೂಕಿನದಲ್ಲ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) 6.5ರಿಂದ 8ರ ಒಳಗೆ ಎಲ್ಲಾದರೂ ಹೊಂದಿಕೊಳ್ಳುತ್ತದೆ. ಕರಾವಳಿಯ ಬಾವಿ ನೀರು ಮೆದು, ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಎರಡರಲ್ಲೂ ಸಾಕಿದವರನ್ನು ನೋಡಿದ್ದೇನೆ. ಬಕೆಟ್ ಮೇಲೆ ಬಿಳಿ ಕಟ್ಟುವಷ್ಟು ಗಡಸಾಗಿದ್ದರೆ ಅರ್ಧಕ್ಕೆ ಆರ್‌ಒ ನೀರೋ ಶುದ್ಧ ಮಳೆನೀರೋ ಬೆರೆಸಿ. ಇವತ್ತು ಒಂದು ನೀರು, ಮುಂದಿನ ವಾರ ಟ್ಯಾಂಕರ್‌ನದ್ದು ಇನ್ನೊಂದು ನೀರು, ಹೀಗಾದಾಗಲೇ ಮೀನು ಸೋಲುತ್ತದೆ.

ಬೋರ್‌ವೆಲ್ ನೀರಿನವರು ಒಂದು ವಿಷಯ ಗಮನಿಸಬೇಕು. ಪಿಎಚ್ 8ರ ಹತ್ತಿರ ಇದ್ದಾಗ ಅಮೋನಿಯಾದ ವಿಷ ಜಾಸ್ತಿಯಾಗುತ್ತದೆ. ಮೆದು ನೀರಿನಲ್ಲಿ ನಡೆದುಹೋಗುವ ಸೋಮಾರಿತನ ಇಲ್ಲಿ ನಡೆಯುವುದಿಲ್ಲ. ನಲ್ಲಿ ನೀರಿನವರಿಗೆ ಕ್ಲೋರಿನ್ ಕಾಟ. ಆಂಟಿ ಕ್ಲೋರಿನ್ ಹಾಕಿ, ಇಲ್ಲವೇ ತೆರೆದ ಬಕೆಟ್‌ನಲ್ಲಿ ಒಂದು ದಿನ ಏರ್ ಪಂಪ್ ಬಿಟ್ಟಿಡಿ.

ಹೀಟರ್ ಬೇಕಾ?

ಮಂಗಳೂರು, ರಾಯಚೂರಿನವರಿಗೆ ಹೆಚ್ಚಿನ ತಿಂಗಳು ಬೇಡ. ಬೆಂಗಳೂರು, ಮೈಸೂರು, ಮಡಿಕೇರಿಯವರು ಡಿಸೆಂಬರ್‌, ಜನವರಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇದಕ್ಕೆ ಬೇಕಿರುವುದು 24ರಿಂದ 28 ಡಿಗ್ರಿ. ರಾತ್ರಿ 20ಕ್ಕೆ ಇಳಿದು ಮಧ್ಯಾಹ್ನ 26ಕ್ಕೆ ಏರುವುದು, ದಿನಾ 22ರಲ್ಲೇ ಇರುವುದಕ್ಕಿಂತ ಕೆಟ್ಟದ್ದು.

ಇವತ್ತು ಟ್ಯಾಂಕ್ ತಂದೆ. ನಾಳೆ ಮೀನು ಬಿಡ್ಬೋದಾ?

ಬೇಡ. ಮೀನಿನ ಹೇಲು, ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಇನ್ನೊಂದು. ಇವು ಫಿಲ್ಟರ್ ಸ್ಪಂಜಿನಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕದೆ ಮೊಸರು ಎಲ್ಲಿಂದ ಬರುತ್ತದೆ? ಗೆಳೆಯರ ಮನೆಯ ಹಳೇ ಟ್ಯಾಂಕಿನ ಕೊಳೆ ಸ್ಪಂಜು ಸಿಕ್ಕರೆ ಅದೇ ಹೆಪ್ಪು. ಅದನ್ನು ನಿಮ್ಮ ಫಿಲ್ಟರ್‌ಗೆ ಹಾಕಿ, ಕೆಲಸ ಬೇಗ ಆಗುತ್ತದೆ. ಅವರ ಮೀನುಗಳು ಆರೋಗ್ಯವಾಗಿವೆಯಾ ಅಂತ ಮೊದಲು ನೋಡಿಕೊಳ್ಳಿ.

ಅಂಗಡೀಲಿ ಆರಿಸುವಾಗ ಏನು ನೋಡ್ಬೇಕು?

ಬಣ್ಣ ನೋಡಬೇಡಿ, ಬೆನ್ನು ನೋಡಿ. ಮೇಲಿಂದ ನೋಡಿದಾಗ ಬೆನ್ನು ನೆಟ್ಟಗಿರಬೇಕು. ಬೆನ್ನ ಮೇಲೆ ಎರಡೂ ರೆಕ್ಕೆ ಇರಬೇಕು. ಬಾಯಿ ಸೊಟ್ಟಗಿರಬಾರದು. ಒಂದೇ ಸಂತಾನದಲ್ಲಿ ಮತ್ತೆ ಮತ್ತೆ ಮರಿ ಮಾಡಿಸಿದಾಗ ಇಂಥ ಊನ ಜಾಸ್ತಿಯಾಗುತ್ತವೆ. ಹೊಟ್ಟೆ ಒಳಗೆ ಸೇರಿಕೊಂಡಿರುವ, ಮೂಲೆಯಲ್ಲಿ ಒಂಟಿಯಾಗಿ ನಿಂತಿರುವ ಮೀನು ಒಂದಿದ್ದರೂ ಆ ಟ್ಯಾಂಕಿನಿಂದ ಏನೂ ತೆಗೆದುಕೊಳ್ಳಬೇಡಿ. ನಮ್ಮ ಕಡೆಯ ಅಂಗಡಿಗಳಿಗೆ ಬಹಳಷ್ಟು ಮೀನು ಚೆನ್ನೈನ ಕೊಳತ್ತೂರು ಮಾರುಕಟ್ಟೆಯಿಂದ ಬರುತ್ತದೆ. ಪ್ರಯಾಣದ ಸುಸ್ತು ಇರುತ್ತದೆ. ಬಂದು ಒಂದು ವಾರ ಆದ ಮೇಲೆ ಕೊಳ್ಳಿ. ಸಾಧ್ಯವಾದರೆ ಎರಡು ಬೇರೆ ಅಂಗಡಿಗಳಿಂದ ಮೂರು ಮೂರು ತನ್ನಿ.

ಜೊತೆಗೆ ಬೇರೆ ಯಾವ ಮೀನು ಬಿಡ್ಬೋದು?

ಕೋರಿಡೋರಾಸ್, ಸಣ್ಣ ಟೆಟ್ರಾಗಳು, ರಾಸ್ಬೊರಾ, ಕೂಲಿ ಲೋಚ್ ಹೊಂದಿಕೊಳ್ಳುತ್ತವೆ. ಗೋಲ್ಡ್‌ಫಿಶ್ ಬೇಡ, ಅದರ ನೀರು ಬೇರೆ, ಗಲೀಜೂ ಜಾಸ್ತಿ. ಫೈಟರ್ ಬೇಡ. ರೇನ್‌ಬೋ ಕಚ್ಚುವುದಿಲ್ಲ, ಆದರೆ ಊಟದ ಹೊತ್ತಿಗೆ ಅದರ ವೇಗಕ್ಕೆ ಫೈಟರ್ ಸುಸ್ತಾಗಿ ಉಪವಾಸ ಬೀಳುತ್ತದೆ. ದೊಡ್ಡ ಸಿಕ್ಲಿಡ್‌ಗಳ ಜೊತೆ ಬಿಟ್ಟರೆ ರೇನ್‌ಬೋನೇ ಊಟ. ಸಿಗಡಿ ಸಾಕುವವರು ದೊಡ್ಡ ಸಿಗಡಿ ಉಳಿಯುತ್ತದೆ, ಮರಿ ಉಳಿಯುವುದಿಲ್ಲ ಅಂತ ತಿಳಿದೇ ಬಿಡಿ.

## ದಿನದಿನದ ಸಾಕಣೆ

ಏನು ತಿನ್ನಿಸೋದು? ಟ್ಯೂಬಿಫೆಕ್ಸ್ ಹಾಕಿದ್ರೆ ಬೇಗ ಬೆಳೆಯುತ್ತಂತೆ?

ಕಾಡಲ್ಲಿ ಇದು ನೀರಿಗೆ ಬಿದ್ದ ಇರುವೆ, ಹುಳ, ಸೊಳ್ಳೆ ಮರಿ, ಪಾಚಿ ಎಲ್ಲ ತಿನ್ನುತ್ತದೆ. ಬಾಯಿ ಅಗಲವಾಗಿ ಕಂಡರೂ ಗಂಟಲು ಸಣ್ಣದು. ದಪ್ಪ ಗುಳಿಗೆ ಹಾಕಿದರೆ ಬಾಯಿಗೆ ಹಾಕಿ ಉಗುಳುವುದನ್ನು ನೋಡಿರುತ್ತೀರಿ. ಸಣ್ಣ ಗುಳಿಗೆ ಅಥವಾ ಬೆರಳಲ್ಲಿ ಪುಡಿ ಮಾಡಿದ ಫ್ಲೇಕ್ ಸಾಕು. ದಿನಕ್ಕೆ ಎರಡು ಸಲ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೆರಡು ದಿನ ಆರ್ಟೀಮಿಯಾ ಅಥವಾ ಡಾಫ್ನಿಯಾ (ಎರಡೂ ಸಿಗಡಿ ಜಾತಿಯ ಪುಟ್ಟ ನೀರುಜೀವಿಗಳು), ಒಂದು ದಿನ ಉಪವಾಸ. ಬೇಯಿಸಿದ ಬಟಾಣಿಯ ತಿರುಳು ಒಮ್ಮೊಮ್ಮೆ.

ಟ್ಯೂಬಿಫೆಕ್ಸ್ ಹುಳ ಚರಂಡಿ ಕೊಚ್ಚೆಯಲ್ಲಿ ಬೆಳೆಯುವುದು. ಬೇಗ ಬೆಳೆಸುತ್ತದೆ ನಿಜ, ಕಾಯಿಲೆಯನ್ನೂ ಅಷ್ಟೇ ಬೇಗ ತರುತ್ತದೆ. ನಾನು ಹಾಕುವುದಿಲ್ಲ. ತಾರಸಿ ಮೇಲೆ ಒಂದು ಬಕೆಟ್ ನೀರಿಟ್ಟು ಸೊಳ್ಳೆ ಮರಿ ಹಿಡಿಯುವವರಿದ್ದಾರೆ. ಮೀನಿಗೆ ಅದು ಹಬ್ಬದೂಟ. ಆದರೆ ಒಂದು ದಿನ ಮರೆತರೂ ಬೀದಿಯವರಿಗೆಲ್ಲ ಡೆಂಗಿ ಹಂಚಿದಂತೆ. ಹಾಗಾಗಿ ಬೇಡ ಅನ್ನುತ್ತೇನೆ.

ಬೆಳಗ್ಗೆ ಲೈಟ್ ಹಾಕಿದ್ ತಕ್ಷಣ ಎರಡು ಗಂಡು ಕಿತ್ತಾಡ್ತವೆ. ಬೇರೆ ಮಾಡ್ಲಾ?

ಮಾಡಬೇಡಿ, ಕುರ್ಚಿ ಎಳೆದುಕೊಂಡು ಕೂತು ನೋಡಿ. ಇದೇ ಆ ಮೀನಿನ ಅತಿ ಚೆಂದದ ಹೊತ್ತು. ಎರಡು ಗಂಡು ಪಕ್ಕಪಕ್ಕ ನಿಂತು ಎಲ್ಲ ರೆಕ್ಕೆಗಳನ್ನೂ ಅರಳಿಸಿ, ಮೈ ನಡುಗಿಸುತ್ತಾ ಸುತ್ತು ಹಾಕುತ್ತವೆ. ಅಂಗಡಿಯಲ್ಲಿ ಕಾಣದ ನೀಲಿ, ಕೆಂಪು ಎಲ್ಲ ಆಗ ಹೊರಗೆ ಬರುತ್ತದೆ. ಇದು ಹೆಣ್ಣುಗಳ ಮುಂದೆ ತೋರಿಸಿಕೊಳ್ಳುವ ಜಂಬ. ಗಾಯವಾಗುವುದು ಅಪರೂಪ. ಒಂದೇ ಮೀನಿನ ರೆಕ್ಕೆ ದಿನಾ ಹರಿಯುತ್ತಿದ್ದರೆ, ಅದು ಊಟಕ್ಕೂ ಮುಂದೆ ಬರದಿದ್ದರೆ ಆಗ ಯೋಚಿಸಿ. ಸಾಮಾನ್ಯವಾಗಿ ಗುಂಪು ಚಿಕ್ಕದಾದಾಗ ಹೀಗಾಗುತ್ತದೆ. ಇನ್ನೆರಡು ಹೆಣ್ಣು ತಂದರೆ ಸರಿಹೋಗುತ್ತದೆ.

ಕರೆಂಟ್ ಹೋದ್ರೆ ಎಷ್ಟು ಹೊತ್ತು ತಡ್ಕೊಳ್ಳುತ್ತೆ?

ಗುಂಪು ಹಿತಮಿತವಾಗಿದ್ದರೆ ಮೂರು ನಾಲ್ಕು ಗಂಟೆಗೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಆಗ ಬೇಗ ಏದುಸಿರು ಬಿಡುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದಿರಲಿ. ಇಲ್ಲದಿದ್ದರೆ ಲೋಟದಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಾ ಇರಿ, ಚಹಾ ಆರಿಸಿದ ಹಾಗೆ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ.

ಹತ್ತು ದಿನ ಊರಿಗೆ ಹೋಗ್ತೀವಿ. ಪಕ್ಕದ ಮನೆಯವರಿಗೆ ಹೇಳ್ಲಾ?

ಬೆಳೆದ ಮೀನು ಒಂದು ವಾರ ಉಪವಾಸ ಇದ್ದರೆ ಸಾಯುವುದಿಲ್ಲ. ಪಕ್ಕದ ಮನೆಯವರ ಪ್ರೀತಿಯಿಂದ ಸತ್ತ ಮೀನುಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೇಳಲೇಬೇಕಾದರೆ ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಪೊಟ್ಟಣ ಕಟ್ಟಿ, ಒಟ್ಟು ಮೂರು ಪೊಟ್ಟಣ ಕೊಟ್ಟು, ಡಬ್ಬಿಯನ್ನು ಬಚ್ಚಿಟ್ಟು ಹೋಗಿ.

ಒಂದು ಮೀನು ತಿಂತಾ ಇದೆ, ಆದ್ರೂ ಒಣಗ್ತಾ ಇದೆ. ಬೆನ್ನು ಬಾಗಿದೆ. ಏನು ಔಷಧಿ?

ಇದನ್ನು ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ರೇನ್‌ಬೋ ಜಾತಿಗಳನ್ನು ಕಾಡುವ ಮೀನಿನ ಕ್ಷಯ ಇರಬಹುದು. ಮೈಕೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ. ನಿಧಾನವಾಗಿ ಹರಡುತ್ತದೆ, ಮೈ ಸೊರಗುತ್ತದೆ, ಬೆನ್ನು ಬಾಗುತ್ತದೆ, ಕೆಲವೊಮ್ಮೆ ಹುಣ್ಣಾಗುತ್ತದೆ. ನಂಬಬಹುದಾದ ಔಷಧಿ ಇಲ್ಲ. ಹೊಟ್ಟೆಹುಳದಿಂದಲೂ ಮೀನು ಒಣಗುತ್ತದೆ, ಆದ್ದರಿಂದ ಮೊದಲು ಆ ಮೀನನ್ನು ಬೇರೆ ಮಾಡಿ ಹುಳದ ಔಷಧಿ ಹಾಕಿ ನೋಡಬಹುದು. ಬೆನ್ನು ಬಾಗಿ ಹುಣ್ಣೂ ಇದ್ದರೆ ಅದನ್ನು ವಾಪಸ್ ಗುಂಪಿಗೆ ಬಿಡಬೇಡಿ. ಸತ್ತ ಮೀನನ್ನು ಮಿಕ್ಕವು ತಿನ್ನುವ ಮುಂಚೆ ತೆಗೆಯಿರಿ.

ಈ ಸೂಕ್ಷ್ಮಜೀವಿಯ ಒಂದು ಜಾತಿ ಮನುಷ್ಯರ ಕೈಗೂ ಬರುತ್ತದೆ. ಗಾಯದ ಮೂಲಕ ಒಳಹೋಗಿ ವಾರಗಟ್ಟಲೆ ವಾಸಿಯಾಗದ ಗಂಟು ಮಾಡುತ್ತದೆ. ಕೈಯಲ್ಲಿ ಗಾಯ ಇದ್ದಾಗ ಟ್ಯಾಂಕಿಗೆ ಕೈ ಹಾಕಬೇಡಿ. ಪೈಪನ್ನು ಬಾಯಲ್ಲಿ ಎಳೆದು ನೀರು ಇಳಿಸುವ ಅಭ್ಯಾಸ ಇವತ್ತೇ ಬಿಡಿ. ಹೀಗೆ ಗಂಟಾಗಿ ಡಾಕ್ಟರ ಹತ್ತಿರ ಹೋದರೆ ಮೀನು ಸಾಕುತ್ತೇನೆ ಅಂತ ಮರೆಯದೆ ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದೇ ಕಷ್ಟ.

ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದರೆ ಗಾಬರಿ ಬೇಡ. ಎರಡು ದಿನದಲ್ಲಿ ನಿಧಾನವಾಗಿ ನೀರನ್ನು 29 ಡಿಗ್ರಿಗೆ ಏರಿಸಿ, ಗಾಳಿ ಜಾಸ್ತಿ ಬಿಡಿ, ಲೀಟರಿಗೆ ಒಂದೆರಡು ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ ಹಾಕಿ. ರೇನ್‌ಬೋ ಉಪ್ಪು ತಡೆಯುತ್ತದೆ. ಜೊತೆಗಿರುವ ಕೋರಿಡೋರಾಸ್ ಅಷ್ಟು ತಡೆಯುವುದಿಲ್ಲ.

## ಮರಿ ಮಾಡಿಸುವುದು

ಮನೇಲಿ ಮೊಟ್ಟೆ ಇಡುತ್ತಾ? ನನಗೆ ಕಾಣಿಸ್ತಾನೇ ಇಲ್ಲ.

ಬಹುಶಃ ಆಗಲೇ ಇಡುತ್ತಿದೆ, ಮಿಕ್ಕ ಮೀನು ತಿನ್ನುತ್ತಿವೆ. ಒಂದೇ ಸಲ ರಾಶಿ ಇಡುವ ಮೀನಲ್ಲ ಇದು. ದಿನಾ ಬೆಳಗ್ಗೆ ಒಂದಷ್ಟು, ಹಲವು ದಿನ ಇಡುತ್ತದೆ. ಮೊಟ್ಟೆ ಸಾಸಿವೆಗಿಂತ ಚಿಕ್ಕದು, ಗಾಜಿನ ಮಣಿಯ ಹಾಗೆ. ಒಂದು ಸಣ್ಣ ಅಂಟುದಾರದಿಂದ ಗಿಡಕ್ಕೆ ನೇತಾಡುತ್ತದೆ.

ಹಿಡಿಯುವ ಉಪಾಯ ಹಳೆಯದು. ಕಡುಹಸಿರು ಅಕ್ರಿಲಿಕ್ ನೂಲನ್ನು ಒಂದು ಗೇಣುದ್ದ ಕತ್ತರಿಸಿ, ನಡುವೆ ಕಟ್ಟಿ, ಥರ್ಮೊಕೋಲ್ ತುಂಡಿಗೆ ಸಿಕ್ಕಿಸಿ ತೇಲಿಬಿಡಿ. ನಿಜವಾದ ಉಣ್ಣೆ ಬೇಡ, ಕೊಳೆಯುತ್ತದೆ. ಬಣ್ಣ ಬಿಡುವ ನೂಲಾದರೆ ಮೊದಲೇ ಬಿಸಿನೀರಲ್ಲಿ ನೆನೆಸಿ ತೊಳೆಯಿರಿ. ಜಾವಾ ಮಾಸ್ ದಪ್ಪ ಗೊಂಚಲೂ ಆಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೂಲನ್ನು ಎತ್ತಿ ಬೆಳಕಿಗೆ ಹಿಡಿದು ಎಳೆ ಎಳೆ ಬಿಡಿಸಿ ನೋಡಿ. ಮೊದಲ ಸಲ ಮಣಿ ಕಂಡಾಗ ಆಗುವ ಖುಷಿಯೇ ಬೇರೆ. ನೂಲನ್ನು ಹಾಗೇ ಬೇರೆ ಡಬ್ಬಿಗೆ ಹಾಕಿ, ಅದೇ ಟ್ಯಾಂಕಿನ ನೀರು, ನಿಧಾನವಾಗಿ ಗಾಳಿ. ಬೆಳ್ಳಗಾದ ಮೊಟ್ಟೆ ಕೆಟ್ಟಿದೆ, ತೆಗೆದುಬಿಡಿ. ಒಳ್ಳೆಯದರಲ್ಲಿ ಕೆಲವೇ ದಿನಕ್ಕೆ ಎರಡು ಕಪ್ಪು ಕಣ್ಣು ಕಾಣುತ್ತವೆ. 26 ಡಿಗ್ರಿಯಲ್ಲಿ ಏಳರಿಂದ ಹತ್ತು ದಿನಕ್ಕೆ ಒಡೆಯುತ್ತದೆ.

ಮರಿ ಆದವು, ಆದ್ರೆ ಮೂರ್ನಾಲ್ಕು ದಿನಕ್ಕೆ ಎಲ್ಲಾ ಖಾಲಿ. ಏನು ತಪ್ಪು?

ಹಸಿವು. ಕಣ್ರೆಪ್ಪೆ ಕೂದಲಿನಷ್ಟಿರುವ ಮರಿ ಅದು, ಆಗಷ್ಟೇ ಒಡೆದ ಆರ್ಟೀಮಿಯಾ ಮರಿ ಕೂಡ ಬಾಯಿಗೆ ಹಿಡಿಯುವುದಿಲ್ಲ. ಮೊದಲ ಹತ್ತು ಹದಿನೈದು ದಿನ ಇನ್ನೂ ಸಣ್ಣದು ಬೇಕು: ಹಸಿರು ನೀರು (ಪಾಚಿ ತೇಲುವ ನೀರು), ಇನ್‌ಫ್ಯುಸೋರಿಯಾ (ನೀರಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು), ವಿನೆಗರ್ ಹುಳ. ನಾನು ಮೊಟ್ಟೆ ಕಂಡ ದಿನವೇ ಎರಡು ಬಾಟಲಿಗೆ ಹಳೇ ಟ್ಯಾಂಕಿನ ನೀರು ತುಂಬಿ, ಒಂದು ತುಂಡು ಬಾಳೆಹಣ್ಣಿನ ಸಿಪ್ಪೆ ಹಾಕಿ ಕಿಟಕಿ ಹತ್ತಿರ ಇಡುತ್ತೇನೆ. ಮೊದಲು ಬೆಳ್ಳಗೆ ಕದಡಿ ನಾರುತ್ತದೆ, ಮನೆಯವರು ಬೈಯುತ್ತಾರೆ. ವಾರದಲ್ಲಿ ತಿಳಿಯಾದ ಮೇಲೆ ಟಾರ್ಚ್ ಹಿಡಿದರೆ ಧೂಳಿನಂತೆ ಓಡಾಡುವ ಜೀವಗಳು ಕಾಣುತ್ತವೆ. ಅದನ್ನು ಡ್ರಾಪರ್‌ನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಕೊಡಿ.

ಎರಡನೇ ತಪ್ಪು, ಆಹಾರ ತಳಕ್ಕೆ ಹೋಗುವುದು. ಈ ಮರಿಗಳು ನೀರಿನ ಮೇಲ್ಪದರ ಬಿಟ್ಟು ಇಳಿಯುವುದಿಲ್ಲ. ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಅನ್ನುತ್ತಾರೆ. ಬೇಡ. ಅರ್ಧ ಚಮಚ ಹಳದಿಗೆ ಇಡೀ ಡಬ್ಬಿ ನೀರು ಒಂದೇ ರಾತ್ರಿಗೆ ಹಾಳು. ನನ್ನ ಮೊದಲ ಬ್ಯಾಚ್ ಹೋಗಿದ್ದು ಹೀಗೇ.

ಬೋಸ್ಮಾನಿ ರೇನ್‌ಬೋ ಕೂಡ ಇದೆ. ಒಟ್ಟಿಗೆ ಬಿಟ್ಟು ಮರಿ ಮಾಡಿಸಿದ್ರೆ ಹೊಸ ಬಣ್ಣ ಬರುತ್ತಾ?

ಒಟ್ಟಿಗೆ ಸಾಕಬಹುದು. ಮರಿ ಮಾಡಿಸಬೇಡಿ. ರೇನ್‌ಬೋ ಜಾತಿಗಳು ಬಲು ಸುಲಭವಾಗಿ ಬೆರೆಯುತ್ತವೆ, ಅದರಲ್ಲೂ ಹೆಣ್ಣುಗಳು ನೋಡಲು ಒಂದೇ ಥರ. ಹುಟ್ಟುವ ಮರಿಗೆ ಇತ್ತ ಇದರ ನೀಲಿಯೂ ಇಲ್ಲ, ಅತ್ತ ಅದರ ಕಿತ್ತಳೆಯೂ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅದು ಅಂಗಡಿ ಸೇರಿ, ಅಲ್ಲಿಂದ ಇನ್ಯಾರದ್ದೋ ಟ್ಯಾಂಕ್ ಸೇರಿ, ಅಲ್ಲಿ ಅಸಲಿ ಅಂತ ಮರಿ ಹಾಕುವುದು. ಹಾಲಿಗೆ ಒಮ್ಮೆ ನೀರು ಬೆರೆತರೆ ಬೇರೆ ಮಾಡುವುದು ಹೇಗೆ? ಮಿಶ್ರ ಟ್ಯಾಂಕಿನ ಮೊಟ್ಟೆಗಳನ್ನು ಮೀನೇ ತಿಂದುಕೊಳ್ಳಲಿ.

## ಇನ್ನೂ ಆಳಕ್ಕೆ

ಪ್ರೀಕಾಕ್ಸ್ ಅಂದ್ರೆ ಏನರ್ಥ? ಯಾರು ಕಂಡುಹಿಡಿದಿದ್ದು?

ಲ್ಯಾಟಿನ್‌ನಲ್ಲಿ ಪ್ರೀಕಾಕ್ಸ್ ಅಂದರೆ ಹೊತ್ತಿಗೆ ಮುಂಚೆ ಮಾಗಿದ್ದು. ಮೆಲನೊಟೇನಿಯ ಅಂದರೆ ಕಪ್ಪು ಪಟ್ಟಿ, ಅದು ಗ್ರೀಕ್‌ನಿಂದ ಬಂದಿದ್ದು. ಈ ಮೀನಿನಲ್ಲಿ ಕಪ್ಪು ಪಟ್ಟಿ ಹುಡುಕಿದರೂ ಸಿಗುವುದಿಲ್ಲ, ಕುಲದ ಹೆಸರು ಅಷ್ಟೇ.

ಊರಿನ ಜನಕ್ಕೆ ಯಾವಾಗಲೂ ಗೊತ್ತಿದ್ದ ಮೀನಿಗೆ 1922ರಲ್ಲಿ ವಿಜ್ಞಾನದ ಹೆಸರು ಕೊಟ್ಟವರು ಮ್ಯಾಕ್ಸ್ ವೆಬರ್ ಮತ್ತು ಡಿ ಬೋಫೋರ್ಟ್ ಎಂಬ ಡಚ್ ಪ್ರಾಣಿಶಾಸ್ತ್ರಜ್ಞರು. ಆಗ ನ್ಯೂಗಿನಿಯ ಪಶ್ಚಿಮದ ಅರ್ಧವೂ ಸೇರಿ ಇಂಡೋನೇಷ್ಯಾದ ದ್ವೀಪಗಳು ಡಚ್ಚರ ಕೈಯಲ್ಲಿದ್ದವು. ವೆಬರ್ 1899-1900ರಲ್ಲಿ ಸಿಬೋಗಾ ಎಂಬ ಹಡಗಿನ ಸಮುದ್ರ ಸಂಶೋಧನಾ ಯಾತ್ರೆಯ ಮುಖ್ಯಸ್ಥನಾಗಿದ್ದ. ಹೆಂಡತಿ ಆನಾ ಕೂಡ ಹಡಗಿನಲ್ಲಿದ್ದಳು, ಅವಳು ಪಾಚಿ ತಜ್ಞೆ. ಹೆಸರಿಟ್ಟ ಮೇಲೆ ಸುಮಾರು 70 ವರ್ಷ ನಮ್ಮ ಮೀನು ಕಾಡಿನ ತೊರೆಯಲ್ಲೇ ಇತ್ತು. ಅಕ್ವೇರಿಯಂ ಲೋಕಕ್ಕೆ ಬಂದಿದ್ದು 1990ರ ದಶಕದ ಆರಂಭದಲ್ಲಿ. ಅಷ್ಟು ಬೇಗ ಮಾಗಿದ್ದಕ್ಕೆ ಇಷ್ಟು ತಡ.

ನ್ಯೂಗಿನಿಯಲ್ಲೇ ಯಾಕೆ ಇಷ್ಟೊಂದು ಥರ ರೇನ್‌ಬೋ?

ನಮ್ಮ ಕಾವೇರಿ, ತುಂಗೆಯಲ್ಲಿ ಬಲೆ ಹಾಕಿದರೆ ಸಿಗುವುದರಲ್ಲಿ ಜಾಸ್ತಿ ಗೆಂಡೆ ಬಳಗ. ಸಣ್ಣ ಪುಂಟಿಯಸ್‌ನಿಂದ ಮಹಶೀರ್‌ವರೆಗೆ ಎಲ್ಲ ಒಂದೇ ಕುಟುಂಬ. ಈ ಬಳಗ ಏಷ್ಯಾದಿಂದ ಪೂರ್ವಕ್ಕೆ ಹೋಗುತ್ತಾ ಹೋಗುತ್ತಾ ಇಂಡೋನೇಷ್ಯಾದ ನಡುವೆ ನಿಂತುಬಿಡುತ್ತದೆ. ಆಳ ಸಮುದ್ರ ಅಡ್ಡ. ನ್ಯೂಗಿನಿಗೆ ಗೆಂಡೆ ಮೀನು ತಾನಾಗಿ ಹೋಗಲೇ ಇಲ್ಲ. ಅಲ್ಲಿ ತೊರೆಗಳಲ್ಲಿ ಖಾಲಿ ಇದ್ದ ಜಾಗ ಹಿಡಿದವರಲ್ಲಿ ರೇನ್‌ಬೋಗಳೂ ಸೇರಿವೆ. ಬೆಟ್ಟ ಅಡ್ಡ ಬಂದು ಒಂದು ಕಣಿವೆಯ ಮೀನು ಇನ್ನೊಂದಕ್ಕೆ ಸೇರದೆ, ಕಣಿವೆಗೊಂದು ಜಾತಿ ಆಯಿತು. ನ್ಯೂಗಿನಿ, ಅದರ ಸುತ್ತಲ ದ್ವೀಪಗಳು ಮತ್ತು ಆಸ್ಟ್ರೇಲಿಯಾ ಸೇರಿ ಈ ಕುಟುಂಬದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಸುಲವೇಸಿ ರೇನ್‌ಬೋ, ಮಡಗಾಸ್ಕರ್ ರೇನ್‌ಬೋ ಅಂತ ಅಂಗಡಿಯಲ್ಲಿ ಸಿಗುವುವು ಬೇರೆ ಕುಟುಂಬದವು. ಒಡಹುಟ್ಟಿದವಲ್ಲ, ದೂರದ ದಾಯಾದಿಗಳು.

ಕಾಡಿಂದ ಹಿಡಿದು ತರ್ತಾರಾ? ಸಾಕಿದ್ರೆ ಪಾಪ ಬರಲ್ವಾ?

ಇವತ್ತು ಅಂಗಡಿಯಲ್ಲಿ ಸಿಗುವ ನಿಯಾನ್ ರೇನ್‌ಬೋ ಹೆಚ್ಚುಕಮ್ಮಿ ಎಲ್ಲವೂ ಫಾರ್ಮ್‌ನಲ್ಲಿ ಹುಟ್ಟಿದ್ದು. ಮಾಂಬೆರಾಮೊವರೆಗೆ ಹೋಗಿ ಹಿಡಿದು ತರುವ ಖರ್ಚಿಗೆ ಈ ಬೆಲೆ ಗಿಟ್ಟುವುದಿಲ್ಲ. ಅದರ ನೆಂಟ ಬೋಸ್ಮಾನಿಯ ಕಥೆ ಬೇರೆ. ಅದು ಅದೇ ದ್ವೀಪದ ಪಶ್ಚಿಮ ತುದಿಯ ಅಯಮಾರು ಸರೋವರಗಳ ಸುತ್ತ ಮಾತ್ರ ಇರುವ ಮೀನು. 1980ರಲ್ಲಿ ಹೆಸರು ಸಿಕ್ಕಿತು, ಚೆಂದಕ್ಕೆ ಮರುಳಾಗಿ ಜನ ಬಾಚಿ ಬಾಚಿ ಹಿಡಿದರು, ಈಗ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ನಮ್ಮ ಪಶ್ಚಿಮ ಘಟ್ಟದ ಮಿಸ್ ಕೇರಳ ಮೀನಿಗೂ ಹೀಗೇ ಆಯಿತು. ಪಾಪದ ಲೆಕ್ಕ ನಿಮಗೆ ಬಿಟ್ಟಿದ್ದು. ನನ್ನ ಕೇಳಿದರೆ ಫಾರ್ಮ್ ಮೀನು ಸಾಕಿ ಐದು ವರ್ಷ ಬದುಕಿಸುವುದು, ಬಣ್ಣ ಬರಲಿಲ್ಲ ಅಂತ ಮೂರು ತಿಂಗಳಿಗೆ ಬೇಜಾರಾಗಿ ಬಿಡುವುದಕ್ಕಿಂತ ವಾಸಿ.

ಮರಿ ತುಂಬಾ ಆಗಿವೆ. ಮನೆ ಹಿಂದೆ ಕೆರೆ ಇದೆ, ಬಿಟ್ಬಿಡ್ಲಾ?

ಖಂಡಿತ ಬೇಡ. ಟಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂತು, ಈಗ ಅದಿಲ್ಲದ ಕೆರೆ ಹುಡುಕುವುದು ಕಷ್ಟ. ಅಕ್ವೇರಿಯಂನಲ್ಲಿ ಪಾಚಿ ತಿನ್ನಲಿ ಅಂತ ತಂದ ಸಕ್ಕರ್ ಮೀನು ದೊಡ್ಡದಾಯಿತು ಅಂತ ಕೆರೆಗೆ ಎಸೆದವರಿಂದ ಇವತ್ತು ಬೆಂಗಳೂರಿನ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ರೇನ್‌ಬೋ ಅಷ್ಟು ಗಟ್ಟಿ ಅಲ್ಲ, ಬಹುಪಾಲು ಬೇರೆ ಮೀನಿನ ಹೊಟ್ಟೆ ಸೇರುತ್ತದೆ. ಆದರೆ ಅದರ ಮೈಯಲ್ಲಿರುವ ಕಾಯಿಲೆ ಕೆರೆಯಲ್ಲಿ ಉಳಿಯುತ್ತದೆ. ಇದೇ ಟಿಲಾಪಿಯಾ ನ್ಯೂಗಿನಿಯ ಸೆಪಿಕ್ ನದಿಗೂ ಹೀಗೆ ಮನುಷ್ಯರ ಕೈಯಿಂದಲೇ ಹೋಗಿ ಸೇರಿದೆ.

ಮರಿ ಜಾಸ್ತಿಯಾದರೆ ಮೊದಲು ನೂಲು ತೆಗೆದುಬಿಡಿ, ಮೊಟ್ಟೆಗಳನ್ನು ಮೀನೇ ತಿಂದುಕೊಳ್ಳುತ್ತದೆ. ಆಗಲೇ ಬೆಳೆದ ಮರಿಗಳಿದ್ದರೆ ಎರಡೂವರೆ ಸೆಂ.ಮೀ. ಆಗುವವರೆಗೆ ಸಾಕಿ ಹತ್ತಿರದ ಅಂಗಡಿಗೆ ಕೊಡಿ. ನಮ್ಮ ಬೀದಿ ತುದಿಯ ಅಂಗಡಿಯವರು ಇಪ್ಪತ್ತು ಮರಿಗೆ ಎರಡು ಡಬ್ಬಿ ಫುಡ್ ಕೊಡುತ್ತಾರೆ. ಆ ಫುಡ್ಡನ್ನು ತಿಂದು ಅವುಗಳ ಅಪ್ಪ ಅಮ್ಮ ಮತ್ತೆ ಮೊಟ್ಟೆ ಇಡುತ್ತವೆ.